ಓತಾರನ ದುಕಾನಿನಲ್ಲಿ ನನ್ನ ತಮ್ಮ

ಶಹಾಪುರ, ಹೈದರಾಬಾದ್

ಜಾರ್ಜಿಯಾಕ್ಕೆ ಹೊರಟಿದ್ದೇವೆ ಎಂದಾಗ ನಮ್ಮ ಓಣಿಯವರೆಲ್ಲ ಅದನ್ನು ಅಮೆರಿಕ ಎಂದೇ ತಿಳಿದರು. ಅಮೆರಿಕದಲ್ಲೂ ಆ ಹೆಸರಿನ ರಾಜ್ಯವೊಂದು ಇದೆಯಂತೆ. ನಾವು ಹೋದದ್ದು ಇನ್ನೊಂದು ಜಾರ್ಜಿಯಾಕ್ಕೆ. ರಷ್ಯಾದ ಕೆಳಗೆ, ಕಪ್ಪು ಸಮುದ್ರದ ಮಗ್ಗುಲಿಗೆ, ನಕಾಶೆಯಲ್ಲಿ ಬೆರಳಿಟ್ಟರೆ ಮುಚ್ಚಿಹೋಗುವಷ್ಟು ಸಣ್ಣ ದೇಶ. ಸಗರದ ಶಾಲೆಯಲ್ಲಿ ವರ್ಷಗಟ್ಟಲೆ ನಕಾಶೆ ತೂಗುಹಾಕಿ ಪಾಠ ಮಾಡಿದವಳು ನಾನು. ಆದರೂ ತಮ್ಮನ ಮಗಳು ಅಲ್ಲಿಗೆ ಡಾಕ್ಟರಿಕೆ ಓದಲು ಹೋಗುವತನಕ ಆ ದೇಶ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ತಮ್ಮನ ಹೆಸರು ದೇವಿಂದ್ರಪ್ಪ. ಸರಕಾರಿ ಬಸ್ಸಿನ ಡ್ರೈವರ್ ಆಗಿದ್ದ. ಶಹಾಪುರದಿಂದ ಸುರಪುರ, ಶಹಾಪುರದಿಂದ ಯಾದಗಿರಿ, ನಡುವೆ ಭೀಮರಾಯನಗುಡಿ, ಇದೇ ರಸ್ತೆಗಳಲ್ಲಿ ಅವನ ಆಯುಷ್ಯ ಕಳೆಯಿತು. ಆ ವರ್ಷ ನಿವೃತ್ತನಾಗಿ ಮನೆಯಲ್ಲಿದ್ದ. ಮಗಳು ಸುಜಾತಾ ಫೋನಿನಲ್ಲಿ ಒಂದೇ ಹಟ ಹಿಡಿದಿದ್ದಳು. "ಅಪ್ಪಾ, ನಂದು ಕಡೀ ವರ್ಷ. ನಾ ಇರೋ ಊರು ಒಮ್ಮೆ ನೋಡಿ ಹೋಗು. ಅತ್ತಿನ್ನೂ ಕರ್ಕೊಂಡು ಬಾ."

ಅವನ ಬಗ್ಗೆ ಒಂದು ಮಾತು ಮೊದಲೇ ಹೇಳಿಬಿಡಬೇಕು. ಅವನು ಒಂದು ಕಾಲದಲ್ಲಿ ಬಹಳ ಕುಡಿಯುತ್ತಿದ್ದ. ಡ್ಯೂಟಿಯ ಮೇಲೆ ಎಂದೂ ಮುಟ್ಟಿದವನಲ್ಲ. ಬಸ್ಸು ಡಿಪೋ ಸೇರಿದ ಮೇಲೆ ಮಾತ್ರ ಅವನನ್ನು ಹಿಡಿಯುವವರಿರಲಿಲ್ಲ. ಹೆಂಡತಿ ಶಾಂತಾ ಕ್ಯಾನ್ಸರ್ ಆಗಿ ತೀರಿಕೊಂಡಳು. ಅವಳ ಪುಣ್ಯತಿಥಿಯ ದಿನ ಬುದ್ಧವಿಹಾರದಲ್ಲಿ ಎಲ್ಲರೊಂದಿಗೆ ಪಂಚಶೀಲ ಹೇಳುವಾಗ, ಮದ್ಯ ಮುಟ್ಟುವುದಿಲ್ಲ ಎಂಬ ಐದನೆಯ ಶೀಲಕ್ಕೆ ಅವನ ದನಿ ಎಲ್ಲರಿಗಿಂತ ಮೇಲೆ ಕೇಳಿತು. ಅಂದಿನಿಂದ ಬಿಟ್ಟ. ಕುಡಿತದ ಜೊತೆಗೆ ಮಾತನ್ನೂ ಬಿಟ್ಟ. ನಾನು ಅದೇ ಓಣಿಯಲ್ಲಿರುವವಳು, ದಿನಾ ಊಟ ಒಯ್ದು ಕೊಡುತ್ತಿದ್ದೆ. "ಇಡು," ಎನ್ನುತ್ತಿದ್ದ. "ಆತು," ಎನ್ನುತ್ತಿದ್ದ. ಶಾಂತಾಳ ಹೆಸರನ್ನಂತೂ ಸತ್ತ ದಿನದಿಂದ ಒಮ್ಮೆಯೂ ಎತ್ತಲಿಲ್ಲ.

ಹೈದರಾಬಾದಿನ ವಿಮಾನ ನಿಲ್ದಾಣದಲ್ಲಿ ನಮ್ಮ ಚೀಲ ತಡೆದರು. ಒಳಗೆ ಒಣಗಿಸಿದ ಜೋಳದ ಕಟಕ ರೊಟ್ಟಿಯ ಗಂಟು, ಶೇಂಗಾ ಹಿಂಡಿಯ ಡಬ್ಬಿ, ಗುರೆಳ್ಳು ಹಿಂಡಿ ಇದ್ದವು. ಸಿಪಾಯಿ ಡಬ್ಬಿ ಮೂಸಿ, ಇದ್ಯಾವ ಪುಡಿ ಎಂದು ಹಿಂದಿಯಲ್ಲಿ ಕೇಳಿದ. ದೇವಿಂದ್ರ ಬೆರಳು ಅದ್ದಿ ನೆಕ್ಕಿ, ಡಬ್ಬಿಯನ್ನು ಅವನ ಮುಂದೆ ಹಿಡಿದ. ಸಿಪಾಯಿಯೂ ಚಿಟಿಕೆ ಬಾಯಿಗೆ ಹಾಕಿಕೊಂಡು ನಕ್ಕು ಬಿಟ್ಟುಕೊಟ್ಟ. ತಮ್ಮ ಸಣ್ಣಗೆ ನಕ್ಕದ್ದನ್ನು ಬಹಳ ದಿನಗಳ ಮೇಲೆ ಕಂಡೆ. ಈ ಪ್ರವಾಸ ಅವನಿಗೆ ಒಳ್ಳೆಯದು ಮಾಡೀತು ಎಂದು ಅನ್ನಿಸಿತು.

ತ್ಬಿಲಿಸಿ

ಗಲ್ಫಿನ ಊರೊಂದರಲ್ಲಿ ವಿಮಾನ ಬದಲಿಸಿ ತ್ಬಿಲಿಸಿಯಲ್ಲಿ ಇಳಿದಾಗ ಎಳೆಬಿಸಿಲಿತ್ತು. ಚಳಿ ಮಾತ್ರ ಬಿಸಿಲನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. ನಮ್ಮಲ್ಲಿ ದಸರೆ ಮುಗಿದು ಜೋಳ ಬಿತ್ತುವ ಹೊತ್ತು. ಅಲ್ಲಿ ದ್ರಾಕ್ಷಿ ಕೊಯ್ದು ಮುಗಿದಿತ್ತು. ಸುಜಾತಾ ಓಡಿ ಬಂದು ಮೊದಲು ನನ್ನನ್ನು ತಬ್ಬಿದಳು. ಅಪ್ಪನ ಮುಂದೆ ನಿಂತು ಏನು ಮಾಡಬೇಕೆಂದು ತೋಚದೆ ಅವನ ಕೈಯಲ್ಲಿದ್ದ ಚೀಲ ಇಸಿದುಕೊಂಡಳು.

ಊರೊಳಗೆ ಸಣ್ಣ ವ್ಯಾನುಗಳಲ್ಲಿ ಓಡಾಟ. ನಮ್ಮ ಕಡೆಯ ಟಂಟಂನಂತೆಯೇ ತುಂಬಿಕೊಂಡು ಹೋಗುತ್ತಾರೆ, ಆದರೆ ಯಾರೂ ಮಾತಾಡುವುದಿಲ್ಲ. ದೇವಿಂದ್ರ ಡ್ರೈವರನ ಪಕ್ಕದಲ್ಲೇ ಕೂತ. ಅಲ್ಲಿ ಗಾಡಿಗಳು ಬಲಗಡೆ ಓಡುತ್ತವೆ. ಎದುರಿಗೆ ಲಾರಿ ಬಂದಾಗಲೆಲ್ಲ ಅವನ ಬಲಗಾಲು ತಾನಾಗಿ ಇಲ್ಲದ ಬ್ರೇಕನ್ನು ತುಳಿಯುತ್ತಿತ್ತು. ಇಳಿದ ಮೇಲೆ ಮೀನಖಂಡ ತಿಕ್ಕಿಕೊಳ್ಳುತ್ತ, "ಅಕ್ಕಾ, ಇಂವ ತಿರುವಿನ್ಯಾಗ ಹಾರ್ನ ಹೊಡಿಯಂಗಿಲ್ಲ ನೋಡು," ಎಂದ. ಇಡೀ ದಿನಕ್ಕೆ ಅದೊಂದೇ ಮಾತು.

ಆ ಭಾಷೆ ನಮಗೆ ಒಂದಕ್ಷರ ಬಾರದು. ಆದರೂ ನಡುನಡುವೆ ಗುರುತಿನ ಮುಖದಂಥ ಶಬ್ದಗಳು ಎದುರಾಗುತ್ತಿದ್ದವು. ರೊಟ್ಟಿಗೆ ಅವರು 'ಪುರಿ' ಎನ್ನುತ್ತಾರೆ. ಸಂತೆಗೆ 'ಬಜಾರಿ'. ಅಂಗಡಿಗೆ 'ದುಕಾನಿ'. ನಿಜಾಮರ ಸೀಮೆಯಿಂದ ಬಂದ ನಮಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಾಗಿರಲಿಲ್ಲ. ತಂದೆಗೆ ಮಾತ್ರ 'ಮಾಮಾ' ಎನ್ನುತ್ತಾರೆ. ಸುಜಾತಾಳ ಮನೆಯ ಮೆಟ್ಟಿಲಲ್ಲಿ ಸಿಕ್ಕವರೆಲ್ಲ ದೇವಿಂದ್ರನನ್ನು ತೋರಿಸಿ, ಇವನೇ ನಿನ್ನ ಮಾಮಾನಾ ಎಂದು ಕೇಳುತ್ತಿದ್ದರು. ಅವನು ಪ್ರತಿಸಲವೂ ಗಾಬರಿಯಾಗಿ, "ಮಾಮಾ ಅಲ್ರಿ, ಅಪ್ಪ," ಎಂದು ಕನ್ನಡದಲ್ಲೇ ತಿದ್ದುತ್ತಿದ್ದ.

ದುಕಾನ್

ಸುಜಾತಾ ಬಾಡಿಗೆಗಿದ್ದದ್ದು ಹಳೆಯ ಮನೆಯೊಂದರ ಮೇಲಿನ ಕೋಣೆಯಲ್ಲಿ. ಕೆಳಗೆ ಮನೆಯ ಯಜಮಾನ ಓತಾರನ ವೈನಿನ ಅಂಗಡಿ. ನಮ್ಮೂರಿನಲ್ಲಿ ವೈನ್ ಶಾಪ್ ಎಂದರೆ ಕಬ್ಬಿಣದ ಜಾಲರಿ. ಜಾಲರಿಯ ಕಿಂಡಿಯಲ್ಲಿ ಕೈ ಒಳಗೆ ಹೋಗುತ್ತದೆ, ಪೊಟ್ಟಣ ಹಿಡಿದು ಹೊರಗೆ ಬರುತ್ತದೆ. ಅಲ್ಲೇ ಗೋಡೆಗೆ ಮುಖ ಮಾಡಿ ಹಲ್ಲಿನಿಂದ ಹರಿದು, ಒಂದೇ ಗುಟುಕಿಗೆ ಸುರಿದುಕೊಂಡು, ಕೈಯಲ್ಲಿನ ಉಪ್ಪು ನೆಕ್ಕಿ, ಬಾಯಿ ಒರೆಸಿಕೊಂಡು ಹೊರಟುಬಿಡುವುದು. ವೈನ್ ಎಂಬುದು ಅಲ್ಲಿ ಬೋರ್ಡಿನ ಮೇಲೆ ಮಾತ್ರ ಇರುತ್ತದೆ. ಹೆಂಗಸರು ಸೆರಗು ಮುಖಕ್ಕೆ ಎಳೆದುಕೊಂಡು ರಸ್ತೆಯ ಆಚೆ ಬದಿಯಿಂದ ದಾಟುತ್ತೇವೆ.

"ಕೋಣಿ ಹಿಡಿಯಾಕ ಬ್ಯಾರೆ ಜಾಗ ಸಿಗಲಿಲ್ಲೇನು?" ಎಂದು ಸುಜಾತಾಳನ್ನು ಕೇಳಿದೆ.

"ಬಂದು ನೋಡತ್ತಿ. ಆಮ್ಯಾಲ ಹೇಳು," ಎಂದಳು.

ಹೋಗಿ ನೋಡಿದೆ. ತಗ್ಗು ಮಾಡಿನ ಇಟ್ಟಿಗೆಯ ಕೋಣೆ. ಗೋಡೆ ತುಂಬ ಬಾಟಲಿಗಳು ಗ್ರಂಥಾಲಯದ ಪುಸ್ತಕಗಳಂತೆ ಮಲಗಿದ್ದವು. ನಡುವೆ ಉದ್ದನೆಯ ಮರದ ಮೇಜು, ಬೆಂಚು. ಬಾಗಿಲ ಬಳಿ ಕರಿಹಲಗೆ. ಅದರ ಮೇಲೆ ಆಯಾ ಕಾಲಕ್ಕೆ ಯಾವ ವೈನು, ಅದರ ಜೊತೆ ಯಾವ ತಿನಿಸು ಎಂದು ಸುಣ್ಣದಕಡ್ಡಿಯಲ್ಲಿ ಬರೆದಿರುತ್ತಾರೆ. ವಸಂತದಲ್ಲಿ ಹುಳಿಕಾಯಿ ಹಾಕಿ ಬೇಯಿಸಿದ ಎಳೆಕುರಿಯ ಮಾಂಸಕ್ಕೆ ಬಿಳಿಯದು. ಬೇಸಿಗೆಯಲ್ಲಿ ಟೊಮೇಟೊ, ಸವತೆಕಾಯಿ, ಉಪ್ಪುಚೀಸು, ತಣ್ಣಗಿನದು. ಚಳಿ ಬಿದ್ದಾಗ ಮಣ್ಣಿನ ಗಡಿಗೆಯಲ್ಲಿ ಕುದಿಸಿದ ಕೆಂಪು ಕಾಳಿಗೆ ಕಪ್ಪನೆಯದು. ನಾವು ಹೋದಾಗ ಹೊಸ ವೈನಿನ ಕಾಲ. ನೆಲದೊಳಗೆ ಹೂತ ಗುಡಾಣಗಳಲ್ಲಿ ದ್ರಾಕ್ಷಿ ಹಣ್ಣು, ಸಿಪ್ಪೆ, ಬೀಜ ಸಮೇತ ಕೊಳೆಯುತ್ತದಂತೆ. ಅದರ ಮೊದಲ ಕೊಡ ಬಂದಾಗ ಓಣಿಯವರೆಲ್ಲ ಸೇರಿ ರುಚಿ ನೋಡುತ್ತಾರೆ. ಕುಡಿಯಲು ಬರುವುದಲ್ಲ, ಈ ವರ್ಷದ ಹಣ್ಣು ಹೇಗೆ ಬಂದಿದೆ ಎಂದು ತಿಳಿಯಲು ಬರುವುದು, ಎಂದು ಸುಜಾತಾ ವಿವರಿಸಿದಳು. ನಾವು ಸುಗ್ಗಿಯಲ್ಲಿ ಹೊಸ ಜೋಳದ ಮೊದಲ ರೊಟ್ಟಿ ಮುರಿಯುವ ಹಾಗೆ.

ಓತಾರನಿಗೆ ಅರವತ್ತು ದಾಟಿರಬೇಕು. ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ದನಿ. ಹೆಂಡತಿಯ ಹೆಸರು ನಾನಾ. ತೆಳ್ಳಗೆ, ಸದಾ ಕೈಯಲ್ಲಿ ಚಾಕು. ನಾನು ಕೆಳಗಿಳಿದಾಗ ಅವಳು ಬದನೆಕಾಯಿ ಸೀಳಿ ಅಕ್ರೂಟಿನ ಮಸಾಲೆ ತುಂಬುತ್ತಿದ್ದಳು. ನಮ್ಮ ಶೇಂಗಾದ ಎಣ್ಣಿಗಾಯಿಯ ಅಕ್ಕನಂತಿತ್ತು. ಬೆಳ್ಳುಳ್ಳಿ, ಕೊತ್ತಂಬರಿ ಎಲ್ಲ ಇತ್ತು, ಖಾರ ಮಾತ್ರ ಇರಲಿಲ್ಲ. ಮೇಲೆ ಹೋಗಿ ಶೇಂಗಾ ಹಿಂಡಿ ತಂದು ಅವಳ ಅಂಗೈಯಲ್ಲಿ ಹಾಕಿದೆ. ನೆಕ್ಕಿ, ಕೆಮ್ಮಿ, ಕಣ್ಣೀರು ಒರೆಸಿಕೊಂಡು, ಗಂಡನ ಬಾಯಿಗೂ ಹಾಕಿದಳು. ಓತಾರ ಕಣ್ಣು ಮುಚ್ಚಿ ಬಹಳ ಹೊತ್ತು ಅಗಿದ. ಆಮೇಲೆ ಎದ್ದು ಹೋಗಿ ಜೇನಿನ ಬಣ್ಣದ ಬಾಟಲಿಯೊಂದನ್ನು ತಂದು ಡಬ್ಬಿಯ ಪಕ್ಕಕ್ಕೆ ಇಟ್ಟ.

"ಈ ಹಿಂಡಿಗಿ ಇದು ಜೋಡಿ ಅಂತ, ಅತ್ತಿ," ಎಂದಳು ಸುಜಾತಾ. "ಐತವಾರ ಹೊಸಾ ವೈನ್ ತಗೀತಾರ. ಆವತ್ತ ನಿಮ್ಮ ರೊಟ್ಟಿ, ಹಿಂಡಿ ಮೇಜಿನ ಮ್ಯಾಲ ಇರ್ಲಿ ಅನ್ನಾಕತ್ಯಾನ."

ನಾನು ಒಪ್ಪಿದೆ. ಕುಡಿಯದವಳಾದರೂ ನನ್ನ ರೊಟ್ಟಿಗೆ ಪರದೇಶದಲ್ಲಿ ಮರ್ಯಾದೆ ಸಿಗುತ್ತದಲ್ಲ ಎಂದು ಖುಷಿಯೇ ಆಯಿತು.

ದೇವಿಂದ್ರನಿಗೆ ಮೇಲಿನ ಕೋಣೆಯಲ್ಲಿ ಹೊತ್ತು ಹೋಗುತ್ತಿರಲಿಲ್ಲ. ಎರಡನೆಯ ದಿನವೇ ಕೆಳಗಿಳಿದು ಓತಾರನ ಪೆಟ್ಟಿಗೆಗಳನ್ನು ಎತ್ತಿಡತೊಡಗಿದ. ಒಬ್ಬರ ಭಾಷೆ ಒಬ್ಬರಿಗೆ ಬಾರದು. ಆದರೂ ಮುದುಕರಿಬ್ಬರೂ ತಾಸುಗಟ್ಟಲೆ ಜೊತೆಗಿರುತ್ತಿದ್ದರು. ಅಪ್ಪ ಕುಡಿಯುವುದಿಲ್ಲ ಎಂದು ಸುಜಾತಾ ಮೊದಲೇ ಹೇಳಿದ್ದಳು. ಓತಾರ ಎದೆಯ ಮೇಲೆ ಕೈಯಿಟ್ಟು ತಲೆಬಾಗಿಸಿ, ಅವನಿಗೆಂದೇ ಪಿಯರ್ ಹಣ್ಣಿನ ಸೋಡಾ ತರಿಸಿಟ್ಟಿದ್ದ. ಇದನ್ನು ಬರೆಯಲೇಬೇಕು. ಆ ಮನುಷ್ಯ ಒಂದು ದಿನವೂ ಒತ್ತಾಯ ಮಾಡಲಿಲ್ಲ.

ಆ ರವಿವಾರ

ಮಧ್ಯಾಹ್ನ ಊಟದ ಹೊತ್ತಿಗೆ ಮೇಜಿನ ಸುತ್ತ ಓಣಿ ನೆರೆದಿತ್ತು. ರೊಟ್ಟಿ ಸುಡುವ ಒಲೆಯವನು, ಮುದುಕಿಯರಿಬ್ಬರು, ಶಾಲೆಯ ಟೀಚರೊಬ್ಬಳು, ಯಾರದೋ ಮಗು. ನಾನಾ ಮಾಡಿದ ಬದನೆ, ಗಡಿಗೆಯ ಕಾಳು, ಚೀಸು, ಉಪ್ಪಿನಲ್ಲಿ ನೆನೆಸಿದ ಹೂಮೊಗ್ಗು, ನಡುವೆ ನನ್ನ ಕಟಕ ರೊಟ್ಟಿ. ಅದನ್ನು ಮುರಿಯುವ ಸದ್ದಿಗೇ ಎಲ್ಲರೂ ನಗುತ್ತಿದ್ದರು. ಹೊಸ ವೈನು ಇನ್ನೂ ಮಬ್ಬಾಗಿತ್ತು, ನಮ್ಮ ಕಬ್ಬಿನ ಹಾಲಿನ ಹಾಗೆ. ಒಂದು ಗುಟುಕು, ಒಂದು ತುತ್ತು, ಮತ್ತೆ ಮಾತು. ಬದನೆಯ ಜೊತೆ ಇದು ಸಿಹಿಯಾಗುತ್ತದೆ, ಚೀಸಿನ ಜೊತೆ ಹುಳಿಯಾಗುತ್ತದೆ ಎಂದು ಮುದುಕಿಯರು ವಾದಿಸಿದರು. ಯಾರೂ ಒಂದೇ ಗುಟುಕಿಗೆ ಸುರಿದುಕೊಳ್ಳಲಿಲ್ಲ. ಗೋಡೆಗೆ ಮುಖ ಮಾಡಿ ನಿಲ್ಲಲಿಲ್ಲ. ಮಗು ಮೇಜಿನ ಕೆಳಗೆ ಆಡುತ್ತಿತ್ತು. ನನಗೆ ಅಳು ಬಂದಂತಾಯಿತು. ನಮ್ಮ ಗಂಡಸರಿಗೂ ಇಂಥ ಒಂದು ಮೇಜು, ಒಂದು ಬೆಂಚು ಇದ್ದಿದ್ದರೆ ಎಂದುಕೊಂಡೆ. ನಾನು ಎಲ್ಲಿ ಕೂತು ಏನನ್ನು ಯೋಚಿಸುತ್ತಿದ್ದೇನೆ ಎಂದು ನನಗೇ ಆಶ್ಚರ್ಯವಾಯಿತು.

ಅಲ್ಲಿ ಸುಮ್ಮನೆ ಗ್ಲಾಸು ಎತ್ತುವುದಿಲ್ಲ. ಹಿರಿಯನೊಬ್ಬ ಎದ್ದು ನಿಂತು ಯಾತಕ್ಕಾಗಿ ಎಂದು ಹೇಳಬೇಕು. ಓತಾರ ಮೊದಲು ಶಾಂತಿಗಾಗಿ ಎಂದ. ಆಮೇಲೆ ದೂರದಿಂದ ಬಂದ ನಮಗಾಗಿ. ದೇವಿಂದ್ರ ಎರಡು ಸಲವೂ ಸೋಡಾದ ಗ್ಲಾಸು ಎತ್ತಿದ. ಮೂರನೆಯದಕ್ಕೆ ಎಲ್ಲರೂ ಎದ್ದು ನಿಂತರು. ನಗು ನಿಂತಿತು.

"ಸತ್ತೋರ ಹೆಸರಿಗಿ," ಎಂದು ಸುಜಾತಾ ಮೆಲ್ಲಗೆ ಹೇಳಿದಳು.

ಪ್ರತಿಯೊಬ್ಬರೂ ತಮ್ಮವರ ಹೆಸರು ಹೇಳಿ, ರೊಟ್ಟಿಯ ಚೂರಿನ ಮೇಲೆ ಎರಡು ಹನಿ ವೈನು ಬಿಟ್ಟು, ಆಮೇಲೆ ಕುಡಿಯುತ್ತಿದ್ದರು. ಮುದುಕಿ ಗಂಡನ ಹೆಸರು ಹೇಳಿದಳು. ಒಲೆಯವನು ತಮ್ಮನದು. ನಾನಾ ಯಾವುದೋ ಹೆಣ್ಣುಹೆಸರು ಹೇಳಿ ತುಟಿ ಕಚ್ಚಿದಳು. ಸರದಿ ನಮ್ಮ ಕಡೆ ಬಂತು. ನಾನು ಅವ್ವನ ಹೆಸರು ಹೇಳಿ ನೀರಿನ ಗ್ಲಾಸು ಎತ್ತಿದೆ.

ದೇವಿಂದ್ರ ನಿಂತೇ ಇದ್ದ. ಎಲ್ಲರೂ ಕಾಯುತ್ತಿದ್ದರು.

"ಶಾಂತಾ," ಎಂದ.

ಸುಜಾತಾ ತಲೆ ಎತ್ತಿ ಅಪ್ಪನನ್ನು ನೋಡಿದಳು. ಅವನು ಸೋಡಾದ ಗ್ಲಾಸು ಪಕ್ಕಕ್ಕೆ ಸರಿಸಿ, ಮುಂದಿದ್ದ ಖಾಲಿ ಗ್ಲಾಸಿಗೆ ತಾನೇ ಹೂಜಿಯಿಂದ ಬಗ್ಗಿಸಿದ. ನಾನು ಗ್ಲಾಸಿನ ಮೇಲೆ ಅಂಗೈ ಮುಚ್ಚಿದೆ.

"ತಮ್ಮಾ, ಬ್ಯಾಡ."

"ಕೈ ತಗಿ ಅಕ್ಕಾ."

"ಶೀಲ ತಗೊಂಡಿ ನೀ."

"ಗೊತ್ತೈತಿ. ಆಕಿ ಹೆಸರಿಗಿ ಸೋಡಾ ಹ್ಯಾಂಗ ಎತ್ತಲಿ?"

ದನಿಯಲ್ಲಿ ಸಿಟ್ಟಿರಲಿಲ್ಲ. ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಕೈಯನ್ನು ಮೇಜಿನ ಮೇಲೆ ಇಟ್ಟ. "ಅಪ್ಪಾ," ಎಂದಳು ಸುಜಾತಾ ಆ ಬದಿಯಿಂದ. ಓತಾರ ನಮ್ಮ ಮುಖಗಳನ್ನು ನೋಡಿ ಏನೋ ಸರಿಯಿಲ್ಲ ಎಂದು ಅರಿತು ಸೋಡಾದ ಬಾಟಲಿಯನ್ನು ಮುಂದೆ ದೂಡಿದ. ದೇವಿಂದ್ರ ತಲೆಯಲ್ಲಾಡಿಸಿದ. ನನ್ನ ಕಟಕ ರೊಟ್ಟಿಯ ಚೂರೊಂದನ್ನು ತೆಗೆದುಕೊಂಡು, ಎರಡು ಹನಿ ಬಿಟ್ಟು, ಉಳಿದದ್ದನ್ನು ಕುಡಿದ.

ಆಮೇಲೆ ಅವನು ಮಾತಾಡಿದ. ಕೂರದೆ, ನಿಂತುಕೊಂಡೇ, ಕನ್ನಡದಲ್ಲಿ. ಸುಜಾತಾ ಒಂದೊಂದು ಮಾತನ್ನೂ ಅವರ ಭಾಷೆಗೆ ದಾಟಿಸುತ್ತಿದ್ದಳು.

ಶಾಂತಾ ಮದುವೆಗೆ ಮೊದಲು ಭೀಮರಾಯನಗುಡಿಯ ಕೃಷಿ ಕಾಲೇಜಿನ ಹೊಲಕ್ಕೆ ಕೂಲಿಗೆ ಹೋಗುತ್ತಿದ್ದಳಂತೆ. ಅವನ ಬಸ್ಸಿಗೇ ಬರುತ್ತಿದ್ದಳಂತೆ. "ಆಕಿ ಬರೂತನಕ ನಾ ಬಸ್ ಎತ್ತುತ್ತಿದ್ದಿಲ್ರಿ. ಗಾಡಿ ಬಿಡಪಾ ಅಂತ ಮಂದಿ ಬೈತಿತ್ತು. ಇಂಜಿನ್ ಕಾಯಬೇಕು ತಡೀರಿ ಅಂತಿದ್ದೆ. ದಿನಾ ಇಂಜಿನ್ ಕಾಯೋದು. ಒಂದಿನ ಆಕೀನ ಕೇಳಿದಳು, ಡ್ರೈವರ್ರ, ನಿಮ್ಮ ಇಂಜಿನ್ ನಾ ಬಂದಕೂಡ್ಲೇ ಹ್ಯಾಂಗ ಕಾಯತೈತಿ ಅಂತ."

ಮೇಜು ನಕ್ಕಿತು. ಅವನೂ ನಕ್ಕ.

"ಜಡ್ಡು ಬಿದ್ದಮ್ಯಾಲ ಒಂದಿನ ಅಂದಳು, ನಿನ್ನ ಬಸ್ಸಿನ್ಯಾಗ ಸುರಪುರತನಕ ಒಯ್ದು ಬಾ ಅಂತ. ಮುಂದಿನ ಸೀಟಿನ್ಯಾಗ ಕುಂದರ್ಸಿದೆ. ತಗ್ಗು ಬಂದಲ್ಲೆಲ್ಲ ಸಾವಕಾಶ ಇಳಿಸಿದೆ. ಸುರಪುರದಾಗ ಮಿರ್ಚಿ ಭಜಿ ಬೇಕಂದಳು. ನೀರ ಸೈತ ಹೊಟ್ಟ್ಯಾಗ ನಿಲ್ಲದಾಕಿ, ಭಜಿ ತಿಂದಳು. ವಾಂತಿ ಆಗಲಿಲ್ಲ. ವಾಪಸ್ ಬರಬೇಕಾದ್ರ ನಿದ್ದಿ ಹತ್ತಿತ್ತು. ನಾ ಡಿಪೋಕ್ಕ ಗಾಡಿ ಹಚ್ಚಿ ಆಕಿನ್ನ ಎಬ್ಬಿಸದಂಗ ಬಾಜೂಕ ಕುಂತೆ."

ಸುಜಾತಾ ಅಲ್ಲಿಗೆ ಅನುವಾದ ನಿಲ್ಲಿಸಿದಳು. ಅವಳಿಗೆ ಆಗಲಿಲ್ಲ. ಈ ಕತೆ ಅವಳಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ. ಭಾಷೆ ಬಾರದಿದ್ದರೂ ಮುದುಕಿಯರು ಅಳುತ್ತಿದ್ದರು. ಓತಾರ ಸುತ್ತಿ ಬಂದು ನನ್ನ ತಮ್ಮನನ್ನು ಅಪ್ಪಿಕೊಂಡ. ಬಂದ ದಿನ ಮಗಳ ಕೈಗೆ ಚೀಲವನ್ನಷ್ಟೇ ಕೊಟ್ಟಿದ್ದ ದೇವಿಂದ್ರ ಅಂದು ಅವಳ ತಲೆಯನ್ನು ಎದೆಗೆ ಒತ್ತಿಕೊಂಡು ನಿಂತ. ಹಬ್ಬದ ದಿನ ಉಂಡ ಹಾಗೆ ಉಂಡ.

ಹೊರಡುವ ಹೊತ್ತು

ಮರುದಿನದಿಂದ ಊಟದ ಹೊತ್ತಿಗೆಲ್ಲ ಅವನು ಓತಾರನ ಮೇಜಿನಲ್ಲಿರುತ್ತಿದ್ದ. ಒಂದು ಗ್ಲಾಸು, ಊಟದ ಜೊತೆಗೆ. ಹೆಚ್ಚಿಲ್ಲ. ಮಾತಾಡುತ್ತಿದ್ದ, ನಗುತ್ತಿದ್ದ. ನನ್ನನ್ನು ಸಂತೆಗೆ ಕರೆದೊಯ್ದು, ದ್ರಾಕ್ಷಿರಸದಲ್ಲಿ ಅದ್ದಿ ತೂಗುಹಾಕಿದ ಅಕ್ರೂಟಿನ ಸರ ಕೊಡಿಸಿದ. ಅದನ್ನು ದೂರದಿಂದ ಕಂಡು ಮೇಣದಬತ್ತಿ ಎಂದು ತಿಳಿದು, ವಿಹಾರಕ್ಕೆ ಒಯ್ಯೋಣ ಎಂದಿದ್ದೆ. ಅದನ್ನೇ ಹೇಳಿ ಹೇಳಿ ನಗಿಸಿದ.

ಸುಜಾತಾ ಒಂದು ಸಂಜೆ ಮೆಟ್ಟಿಲ ಮೇಲೆ ನನ್ನ ಪಕ್ಕ ಕೂತಳು.

"ಅತ್ತಿ, ಅಪ್ಪನ ಲಿವರ್ ಮೊದಲ ಸೋತಿತ್ತು. ನಾ ಓದಿದ್ದು ಖರೇ ಇದ್ದರ ಅಂವ ಒಂದು ಹನಿನೂ ಮುಟ್ಟಬಾರದು."

"ಹೇಳಿದಿಯಲ್ಲ."

"ಹೇಳ್ದೆ. ಊರಿಗಿ ಹೋಗಿ ಬಿಡ್ತೀನಿ ಅಂದ." ಕೆಳಗಿನ ಬಾಗಿಲ ಕಡೆ ನೋಡಿ, "ಅವ್ವನ ಹೆಸರು ಅಪ್ಪನ ಬಾಯಾಗ ಕೇಳಿ ಎಷ್ಟ ವರ್ಷ ಆಗಿತ್ತು," ಎಂದಳು.

ಕೆಳಗಿಂದ ಅವನ ನಗು ಕೇಳುತ್ತಿತ್ತು. ನಾವಿಬ್ಬರೂ ಅಲ್ಲೇ ಕೂತು ಅದನ್ನು ಕೇಳಿದೆವು.

ಹೊರಡುವ ದಿನ ಓತಾರ ಆ ಜೇನುಬಣ್ಣದ ಬಾಟಲಿಯನ್ನು ಕಾಗದದಲ್ಲಿ ಸುತ್ತಿ ಕೊಟ್ಟ. ದೇವಿಂದ್ರ ಅದನ್ನು ದೊಡ್ಡ ಪೆಟ್ಟಿಗೆಗೆ ಹಾಕದೆ ಕೈಚೀಲದಲ್ಲಿ ಇಟ್ಟುಕೊಂಡಿದ್ದ. ತ್ಬಿಲಿಸಿಯ ತಪಾಸಣೆಯಲ್ಲೇ ಹಿಡಿದರು. ಅವನು ಬಾಟಲಿ ಬಿಡಲೊಲ್ಲ. ಇದು ದೋಸ್ತ ಕೊಟ್ಟದ್ದು ಎಂದು ಕನ್ನಡದಲ್ಲಿ, ಆಮೇಲೆ ಹಿಂದಿಯಲ್ಲಿ ಹೇಳಿದ. ಸಮವಸ್ತ್ರದ ಹೆಂಗಸು ಮೆಲ್ಲಗೆ ಇಸಿದುಕೊಂಡು ಡಬ್ಬದಲ್ಲಿ ಇಟ್ಟಳು. ನನಗೆ ಒಳಗೊಳಗೇ ಸಮಾಧಾನವಾಯಿತು. ವಿಮಾನದಲ್ಲಿ ಅವನು ಕಿಟಕಿಗೆ ಹಣೆ ಹಚ್ಚಿ ಕೂತಿದ್ದ. ಮಾತಾಡಿಸಿದರೆ, "ಆತು," ಎಂದ.

ಶಹಾಪುರ

ಊರಿಗೆ ಬಂದು ಬಿಡಲಿಲ್ಲ. ಬುದ್ಧ ಮಲಗಿದಂತೆ ಕಾಣುವ ನಮ್ಮ ಬೆಟ್ಟವನ್ನು ಬಸ್ಸಿನಿಂದ ಕಂಡಾಗ ಅವನು ಕೈಮುಗಿದದ್ದು ನಿಜ. ಆದರೆ ಎರಡು ತಿಂಗಳಾಗುತ್ತಲೇ ಕಲಬುರಗಿಗೆ ಹೋಗಿ ವಿಜಯಪುರದ ದ್ರಾಕ್ಷಿಯ ವೈನು ತಂದ. ಹಗಲಲ್ಲೇ ನನ್ನನ್ನು ಕರೆದ. ಪಡಸಾಲೆಯಲ್ಲಿ ಚಾಪೆ ಹಾಸಿ, ತಟ್ಟೆಯಲ್ಲಿ ಎಳೆಜೋಳದ ಸುಟ್ಟ ಸೀತನಿ, ಬೆಲ್ಲ, ಶೇಂಗಾ, ಹಸಿ ಉಳ್ಳಾಗಡ್ಡಿ ಚಂದಾಗಿ ಜೋಡಿಸಿದ್ದ.

"ಹಂಗ ನೋಡಬ್ಯಾಡ ಅಕ್ಕಾ. ಅಲ್ಲಿ ಕುಡಿತಾರಲ್ಲ, ಹಂಗ. ಸೀತನಿಗಿ ಇದು ಜೋಡಿ ಆಗತೈತೇನು ನೋಡೂಣು."

ನಾನು ಜೊತೆಗೆ ಕೂತೆ, ಸೀತನಿ ತಿಂದೆ. ಅವನು ಒಂದು ಗುಟುಕು, ಒಂದು ಮುಕ್ಕು, ಮತ್ತೆ ಶಾಂತಾಳ ಮಾತು. ಮದುವೆಯಲ್ಲಿ ಅವಳು ಉಟ್ಟ ಸೀರೆ, ಸುಜಾತಾ ಹುಟ್ಟಿದಾಗ ಹಾಡಿದ ಹಾಡು. ಗೆಳೆಯರನ್ನೂ ಕರೆದ. ಡಿಪೋದ ಇಬ್ಬರು ಬಂದರು. ಅವರು ತಟ್ಟೆಯ ಕಡೆ ನೋಡಲಿಲ್ಲ, ಸತ್ತವರ ಹೆಸರು ಹೇಳಲಿಲ್ಲ. ಬಾಟಲಿ ಖಾಲಿ ಮಾಡಿ, ಇದು ಸಿಹಿನೀರು, ಏರುವುದೇ ಇಲ್ಲ ಎಂದು ಹೋದರು. ಮರುವಾರ ಅವರೇ ಬೇರೆ ತಂದರು.

ಮುಂದಿನದನ್ನು ಚಿಕ್ಕದಾಗಿ ಹೇಳುತ್ತೇನೆ. ಮೊದಲು ಚಾಪೆ ಹೋಯಿತು. ಆಮೇಲೆ ತಟ್ಟೆ ಹೋಯಿತು. ಬೇಸಿಗೆ ಏರುವ ಹೊತ್ತಿಗೆ ಜಾಲರಿಯ ಕಿಂಡಿಯಲ್ಲಿ ಅವನ ಕೈಯನ್ನು ನಾನೇ ಕಂಡೆ. ರಸ್ತೆ ದಾಟಿ ಹೋಗಿ ರಟ್ಟೆ ಹಿಡಿದೆ. ಹೆಂಗಸರು ಅಲ್ಲಿ ನಿಲ್ಲಬಾರದು ಎಂದು ಅವನೇ ನನ್ನನ್ನು ಆಚೆ ಬದಿಗೆ ದಾಟಿಸಿ, ತಿರುಗಿ ಹೋದ. ಮಾತು ಮತ್ತೆ ನಿಂತಿತ್ತು. ಶಾಂತಾಳ ಹೆಸರೂ. ಕಣ್ಣು ಹಳದಿಯಾದವು, ಹೊಟ್ಟೆ ಉಬ್ಬಿತು. ಕಲಬುರಗಿಯ ಡಾಕ್ಟರರು ತಡವಾಯಿತು ಎಂದರು. ಮಳೆಗಾಲ ಹಿಡಿಯುವ ಮುಂಚೆ ತೀರಿಕೊಂಡ. ಶಾಂತಾಳ ಪಕ್ಕದಲ್ಲೇ ಮಣ್ಣು ಮಾಡಿದೆವು. ಸುಜಾತಾ ಬಂದು ಮುಟ್ಟಿದ್ದು ಮರುದಿನ. ಹಸಿಮಣ್ಣಿನ ಮುಂದೆ ಕೂತಳು, ನಂತರ ತಪ್ಪಿಹೋದ ಪರೀಕ್ಷೆಗಳನ್ನು ವರ್ಷದ ಕೊನೆಗೆ ಬರೆಯಲೆಂದು ತಿರುಗಿ ಹೋದಳು.

ಕುಡಿದು ಸತ್ತ ಎಂದು ಓಣಿ ಮಾತಾಡಿತು. ಸುಳ್ಳೇನಲ್ಲ. ಆ ದೇಶಕ್ಕೆ ಹೋಗದಿದ್ದರೆ ಬದುಕುತ್ತಿದ್ದ ಎಂದು ನನ್ನ ಮುಂದೆಯೇ ಹೇಳಿದರು. ಇರಬಹುದು. ಬದುಕಿದ್ದರೆ "ಇಡು", "ಆತು" ಎಂದುಕೊಂಡು ಬದುಕುತ್ತಿದ್ದ. ಆ ರವಿವಾರವನ್ನು ಬಯ್ಯಲು ಎಷ್ಟೋ ಸಲ ಬಾಯಿ ತೆರೆದಿದ್ದೇನೆ. ಆಗುವುದಿಲ್ಲ. ಹೊಗಳಲೂ ಆಗುವುದಿಲ್ಲ.

ಚಳಿ ಶುರುವಾದಾಗ ಸುಜಾತಾ ವಿಡಿಯೋ ಕಾಲ್ ಮಾಡಿದಳು. ಪಕ್ಕದಲ್ಲಿ ಓತಾರ, ನಾನಾ ಇದ್ದರು. ತಮ್ಮ ತೀರಿಕೊಂಡದ್ದು ಅವರಿಗೆ ಗೊತ್ತಿತ್ತು, ನನ್ನ ಮುಖ ನೋಡಬೇಕೆಂದಿದ್ದರಂತೆ. ನಾನಾ ಫೋನಿನ ಗಾಜಿನ ಮೇಲೆ ಬೆರಳಾಡಿಸಿದಳು. ಓತಾರ ಒಂದು ಮಾತು ಕೇಳಿದ.

"ಅಪ್ಪಗ ಏನ್ ಆಗಿತ್ತಂತ ಕೇಳಾಕತ್ಯಾನ ಅತ್ತಿ," ಎಂದಳು ಸುಜಾತಾ.

"ಖರೇ ಹೇಳು," ಎಂದೆ.

ಅವಳು ಅವರ ಕಡೆ ತಿರುಗಿ ಎರಡು ಮಾತು ಹೇಳಿದಳು. ಓತಾರ ಎದೆಯ ಮೇಲೆ ಕೈಯಿಟ್ಟುಕೊಂಡ. ನಾನಾ ಅವನ ತೋಳು ಹಿಡಿದಳು. ಇಬ್ಬರೂ ನನಗೆ ತಲೆಬಾಗಿಸಿ ಎದ್ದು ಹೋದರು.

"ಏನಂತ ಹೇಳ್ದಿ?" ಎಂದು ಕೇಳಿದೆ.

"ಲಿವರ್ ಕೆಟ್ಟಿತ್ತು ಅಂದೆ. ಅದು ಖರೇನ ಅಲ್ಲ?"

"ಯಾಕ ಕೆಡ್ತು ಅಂತ ಹೇಳಲಿಲ್ಲಾ?"

"ಇಲ್ಲ." ಅವಳು ಫೋನು ಹಿಡಿದುಕೊಂಡು ಮೆಟ್ಟಿಲೇರುತ್ತಿದ್ದಳು, ಉಸಿರು ಕೇಳುತ್ತಿತ್ತು. ಮೇಲಿನ ಮೆಟ್ಟಿಲಲ್ಲಿ ಕೂತಳು. "ಅತ್ತಿ, ನಮ್ಮೂರಾಗ ಅಪ್ಪ ಕುಡುದು ಸತ್ತಾಂವ. ನಮ್ಮ ಮನ್ಯಾಗೂ ಹಂಗ. ಈ ಓಣ್ಯಾಗ ಅಷ್ಟ ಅಂವ ಅವ್ವನ ಸಲವಾಗಿ ಬಸ್ ನಿಲ್ಲಿಸಿದಾಂವ. ಒಂದು ಕಡಿಗರೆ ಹಂಗ ಇರ್ಲಿ ಬಿಡು."

ಅಲ್ಲಿ ಥಂಡಿ ಐತೇನು ಎಂದು ಕೇಳಿದೆ.

"ಭಾಳ ಐತಿ. ಕೆಳಗ ಮಂದಿ ಬಂದಾರ, ಹೊಸಾದು ತಗೀತಾರ ಇವತ್ತ. ನಾನಾ ಕರ್ಯಾಕತ್ಯಾಳ."

"ಹೋಗು," ಎಂದೆ. "ಉಣ್ಣು ಹೋಗು. ಹೊತ್ತಾಗಿರಬೇಕು ನಿಂಗ."